ಮೂರೂವರೆ ಬ್ಯಾಚು

ಹೋದ ಏಪ್ರಿಲ್‌ನಲ್ಲಿ ಅಣ್ಣನ ಮಗಳನ್ನು ಹುಬ್ಬಳ್ಳಿಯ ಒಂದು ಫುಟ್‌ಬಾಲ್ ಶಿಬಿರಕ್ಕೆ ಬಿಡಲು ಹೋಗಿದ್ದೆ. ಹನ್ನೆರಡು ವರ್ಷದ ಹುಡುಗಿ. ಪರೀಕ್ಷೆ ಯಾವಾಗ ಮುಗಿಯುತ್ತದೋ ಅಂತ ಕಾಯುತ್ತಿದ್ದಳು. ಶಿಬಿರ ಇದ್ದದ್ದು ಟರ್ಫ್ ಮೇಲೆ. ಅದೇ, ಈಗ ಊರ ತುಂಬ ಆಗಿವೆಯಲ್ಲ, ಸುತ್ತ ಬಲೆ ಕಟ್ಟಿ, ಕೆಳಗೆ ಪ್ಲಾಸ್ಟಿಕ್ ಹುಲ್ಲು ಹಾಸಿದ ಜಾಗ. ಸಮಯ ಮಧ್ಯಾಹ್ನ ಮೂರೂವರೆಯಿಂದ ಐದೂವರೆ. ಗೇಟು ತೆಗೆದ ಕೂಡಲೇ ಕಾದ ರಬ್ಬರಿನ ವಾಸನೆ ಮುಖಕ್ಕೆ ಬಡಿಯಿತು. ಚಪ್ಪಲಿ ಹೊರಗೆ ಬಿಡಿ ಅಂತ ಬೋರ್ಡ್ ಇತ್ತು, ಬಿಟ್ಟೆ. ನಾಲ್ಕು ಹೆಜ್ಜೆ ಹಾಕಿದೆ. ಐದನೆಯದು ಹಾಕಲು ಆಗಲಿಲ್ಲ. ಕಾದ ಹಂಚಿನ ಮೇಲೆ ಕಾಲಿಟ್ಟ ಹಾಗಿತ್ತು. ಅಂಗಾಲು ಮೇಲೆತ್ತಿ ನೋಡಿದರೆ ಹುಲ್ಲಿನ ನಡುವೆ ಹಾಕಿದ ಕರಿ ರಬ್ಬರಿನ ಹರಳುಗಳು ಅಂಟಿಕೊಂಡಿದ್ದವು. ಬೆರಳಿನಿಂದ ಕೊಡವಿದೆ. ಬೆರಳಿಗೂ ಬಿಸಿ ತಟ್ಟಿತು.

ಅಷ್ಟೊತ್ತಿಗೆ ಇಪ್ಪತ್ತು ಮಕ್ಕಳು ಅದೇ ಹುಲ್ಲಿನ ಮೇಲೆ ಸುತ್ತು ಹಾಕಲು ಶುರು ಮಾಡಿದ್ದವು. ಮೊದಲ ದಿನ ಬೇರೆ. ಮಾರ್ಚ್ ತಿಂಗಳೆಲ್ಲ ಫ್ಯಾನಿನ ಕೆಳಗೆ ಕೂತು ಓದಿದ ಮಕ್ಕಳು. ಕೋಚ್ ಇಪ್ಪತ್ತೈದು ವರ್ಷದ ಹುಡುಗ, ಒಳ್ಳೆಯವನು, ಮಕ್ಕಳ ಹೆಸರು ಅರ್ಧ ಗಂಟೆಯಲ್ಲೇ ಕಲಿತುಬಿಟ್ಟಿದ್ದ. ಈ ಹೊತ್ತಿನಲ್ಲಿ ಯಾಕೆ ಅಂತ ಕೇಳಿದೆ. ಮುಚ್ಚುಮರೆ ಇಲ್ಲದೆ ಹೇಳಿದ. ಬೆಳಿಗ್ಗೆ ಆರರಿಂದ ದೊಡ್ಡವರು ಬುಕ್ ಮಾಡಿರುತ್ತಾರೆ. ಸಂಜೆ ಆರರ ಮೇಲೆ ಲೈಟ್ ಹಾಕಿದರೆ ಬಾಡಿಗೆ ಜಾಸ್ತಿ, ಆಫೀಸ್ ಮುಗಿಸಿದವರು ಬರುತ್ತಾರೆ. ಯಾರೂ ಕೇಳದ ಹೊತ್ತು ಅಂದರೆ ಇದು. ಕಡಿಮೆ ಬಾಡಿಗೆಗೆ ಸಿಗುತ್ತದೆ. ಅದಕ್ಕೇ ಮಕ್ಕಳಿಗೆ.

ನಾನು ಸುಮ್ನೆ ಬಲೆಯ ಹೊರಗೆ ನೆರಳಿನಲ್ಲಿ ನಿಂತೆ. ಆದರೆ ಮನಸ್ಸು ಅಲ್ಲಿ ನಿಲ್ಲಲಿಲ್ಲ. 1998ರ ಏಪ್ರಿಲ್‌ಗೆ ಹೋಯಿತು.

ಅಣ್ಣಿಗೇರಿ

ಆಗ ನಾನು ಒಂಬತ್ತನೇ ಕ್ಲಾಸು ಮುಗಿಸಿದ್ದೆ. ಧಾರವಾಡದ ಒಂದು ಮೈದಾನದಲ್ಲಿ ಒಂದು ತಿಂಗಳ ಓಟದ ಶಿಬಿರ. ನಾನು 800 ಮೀಟರ್ ಓಡುತ್ತಿದ್ದೆ. ನನ್ನ ಜೊತೆ ಓಡುತ್ತಿದ್ದವನನ್ನು ನಾವೆಲ್ಲ ಊರ ಹೆಸರಿನಿಂದಲೇ ಕರೆಯುತ್ತಿದ್ದೆವು, ಅಣ್ಣಿಗೇರಿ ಅಂತ. ಎರಿ ಹೊಲದ ರೈತರ ಮನೆ ಹುಡುಗ. ಸೋದರಮಾವನ ಮನೆಯಲ್ಲಿದ್ದು ಶಿಬಿರಕ್ಕೆ ಬರುತ್ತಿದ್ದ. ಹೇಳಿದ್ದಕ್ಕೆ ಇಲ್ಲ ಅನ್ನುವುದು ಅವನಿಗೆ ಗೊತ್ತೇ ಇರಲಿಲ್ಲ. ಎಂಟು ಸುತ್ತು ಅಂದರೆ ಎಂಟು. ನಾವು ಬೂಟಿನ ದಾರ ಕಟ್ಟುವ ನೆಪದಲ್ಲಿ ಒಂದು ಸುತ್ತು ತಪ್ಪಿಸುತ್ತಿದ್ದೆವು. ಅವನು ಎಂಟು ಮುಗಿಸಿ, ಸರ್ ಇನ್ನೊಂದು ಓಡ್ಲೇನ್ರಿ ಅಂತ ಕೇಳುತ್ತಿದ್ದ.

ಶಿಬಿರದ ನಾಲ್ಕನೆಯ ದಿನ. ಹೊತ್ತು ನಾಲ್ಕು ಗಂಟೆಯ ಸುಮಾರು. ಹಿಂದಿನ ರಾತ್ರಿ ಅವನಿಗೆ ವಾಂತಿ ಆಗಿತ್ತು, ಅದನ್ನು ನನಗೆ ಮಾತ್ರ ಹೇಳಿದ್ದ. ಓಟದ ನಡುವೆ ನೀರು ಕುಡಿಯುವ ಹಾಗಿರಲಿಲ್ಲ. "ನೀರ ಕುಡದ ಓಡಿದ್ರ ಹೊಟ್ಟಿ ಹಿಡಿತೈತಿ" ಅನ್ನುವುದು ಆಗಿನ ಎಲ್ಲ ಮೈದಾನಗಳ ಮಾತು. ಆರನೇ ಸುತ್ತಿನಲ್ಲಿ ಅವನು ನನ್ನ ಮುಂದಿದ್ದ. ಸುಣ್ಣದ ಗೆರೆ ಬಿಟ್ಟು ಒಳಗೆ ಬಂದ, ಮತ್ತೆ ಹೊರಗೆ ಹೋದ. ಕಾಲು ಎಳೆಯುತ್ತಿದ್ದ. ನಾನು ಪಕ್ಕಕ್ಕೆ ಬಂದು ಏನಾತಲೇ ಅಂದೆ. ಅವನು ನನ್ನ ಮುಖ ನೋಡಿದ, ಆದರೆ ನನ್ನನ್ನು ನೋಡಲಿಲ್ಲ. "ಎಮ್ಮಿಗೆ ನೀರ ಕುಡಸಿಲ್ಲ" ಅಂದ. ಎರಡು ಸಲ ಅದನ್ನೇ ಅಂದ. ಆಮೇಲೆ ಮೊಣಕಾಲು ಮಡಚಿ ಬಿದ್ದ.

ತರಬೇತಿ ಕೊಡುತ್ತಿದ್ದವರು ದೂರದಿಂದಲೇ ಕೂಗಿದರು, "ಏಳಲೇ, ನಾಟಕ ಬ್ಯಾಡ." ಆಮೇಲೆ ಓಡಿ ಬಂದರು, ಅದನ್ನೂ ಹೇಳಬೇಕು. ಅವರು ಕೆಟ್ಟವರಾಗಿರಲಿಲ್ಲ. ಸುತ್ತ ಗುಂಪು ಸೇರಿತು. ಯಾರೋ ಉಳ್ಳಾಗಡ್ಡಿ ಒಡೆದು ಮೂಗಿಗೆ ಹಿಡಿದರು. ಯಾರೋ ಬಾಯಿಗೆ ನೀರು ಹಾಕಲು ಹೋದರು, ಅದು ಕಟವಾಯಿಯಿಂದ ಹೊರಗೆ ಹರಿಯಿತು. ನಾನು ಅವನ ಕುತ್ತಿಗೆ ಮುಟ್ಟಿದೆ. ಅಷ್ಟು ಬಿಸಿಯಾದ ಮೈಯನ್ನು ಅದಕ್ಕಿಂತ ಮೊದಲು ಮುಟ್ಟಿರಲಿಲ್ಲ, ಆಮೇಲೂ ಮುಟ್ಟಿಲ್ಲ. ಮೈ ಒಣಗಿರಲಿಲ್ಲ, ಬನಿಯನ್ನು ಹಿಂಡುವಷ್ಟು ಒದ್ದೆ ಇತ್ತು.

ಆಗ ಬಂದವನು ಮೈದಾನದ ಮಾಲಿ. ಗಿಡಗಳಿಗೆ ನೀರು ಬಿಡುತ್ತಿದ್ದ ಪೈಪು ಹಾಗೆಯೇ ಎಳೆದುಕೊಂಡು ಬಂದ. "ಸರೀರಿ, ಗಾಳಿ ಬಿಡ್ರಿ" ಅಂದು ಎಲ್ಲರನ್ನೂ ಸರಿಸಿ, ಅವನ ತಲೆ, ಕುತ್ತಿಗೆ, ಕಂಕುಳು, ತೊಡೆಗಳ ಮೇಲೆ ನೀರು ಬಿಟ್ಟ. ಬೋರಿನ ನೀರು. ಬಿಟ್ಟೇ ಬಿಟ್ಟ. ನಮಗೆ ಟವೆಲ್ಲು ಬೀಸಲು ಹೇಳಿದ. ರಿಕ್ಷಾ ಬಂತು, ದವಾಖಾನಿಗೆ ಒಯ್ಯೋಣ ಅಂದರು. "ತಡೀರಿ, ಇನ್ನೂ ಮೈ ಸುಡಾಕತ್ತೈತಿ" ಅಂದ ಮಾಲಿ. ಹದಿನೈದು ನಿಮಿಷವಾದರೂ ಆಗಿರಬೇಕು. ಅಣ್ಣಿಗೇರಿ ನಡುಗಲು ಶುರು ಮಾಡಿದ, ಅವ್ವಾ ಅಂದ, ಆಮೇಲೆ ನನ್ನ ಹೆಸರು ಹಿಡಿದು ಕರೆದ. ಆಗ ರಿಕ್ಷಾ ಹತ್ತಿಸಿದರು. ನಿನಗೆ ಇದು ಹೆಂಗ ಗೊತ್ತಪಾ ಅಂತ ಯಾರೋ ಕೇಳಿದ್ದಕ್ಕೆ ಅವನು ಹೇಳಿದ ಮಾತು ನನಗೆ ಬಾಯಿಪಾಠ ಆಗಿದೆ. "ಎತ್ತಿಗೆ ಬಿಸಲ ಬಡದ್ರ ಮೊದಲ ನೀರ ಹೊಡಿತೀವ್ರಿ. ಡಾಕ್ಟರ್ ಆಮ್ಯಾಲ."

ಮೂರು ದಿನ ದವಾಖಾನೆಯಲ್ಲಿದ್ದ. ಮೂತ್ರ ಕರಿ ಚಹಾದ ಬಣ್ಣಕ್ಕೆ ಬಂದಿತ್ತಂತೆ, ಕಿಡ್ನಿಗೆ ಏನಾದೀತೋ ಅಂತ ಹೆದರಿದ್ದರು. ಉಳಿದುಕೊಂಡ. ಆದರೆ ಮತ್ತೆ ಓಡಲಿಲ್ಲ.

ಒಳಗೆ ಆಗುವುದು ಏನು

ಎಷ್ಟೋ ವರ್ಷಗಳ ನಂತರ ಈ ವಿಷಯ ಓದುತ್ತಾ ಹೋದಾಗ, ಆ ಮಾಲಿ ಮಾಡಿದ್ದು ಅಕ್ಷರಕ್ಕೆ ಅಕ್ಷರ ಸರಿ ಅಂತ ಗೊತ್ತಾಯಿತು. ನಾವು ಓಡುವಾಗ ಸ್ನಾಯು ಸುಡುವ ಶಕ್ತಿಯಲ್ಲಿ ಓಟಕ್ಕೆ ಸಿಗುವುದು ಸುಮಾರು ಕಾಲು ಭಾಗ. ಉಳಿದ ಮುಕ್ಕಾಲು ಬರೀ ಕಾವು. ಆ ಕಾವನ್ನು ರಕ್ತ ಚರ್ಮದವರೆಗೆ ಹೊತ್ತು ತರಬೇಕು, ಅಲ್ಲಿ ಬೆವರು ಆರಿ ಅದನ್ನು ಗಾಳಿಗೆ ಬಿಡಬೇಕು. ಬೆವರು ಸುರಿದರೆ ಸಾಲದು, ಆರಬೇಕು. ಹೃದಯಕ್ಕೆ ಒಂದೇ ಸಲಕ್ಕೆ ಎರಡು ಕೆಲಸ, ಕಾಲಿಗೂ ರಕ್ತ ಕೊಡಬೇಕು, ಚರ್ಮಕ್ಕೂ ಕೊಡಬೇಕು. ಬೆವರಿ ಬೆವರಿ ಮೈಯ ನೀರು ಇಳಿದ ಹಾಗೆ ಎರಡಕ್ಕೂ ಸಾಲದೆ ಬರುತ್ತದೆ. ಹೊರಗಿನ ಗಾಳಿಯೇ ಮೈಗಿಂತ ಬಿಸಿ ಇದ್ದರೆ ಕಾವು ಹೋಗಲು ಉಳಿಯುವ ದಾರಿ ಬೆವರೊಂದೇ. ಒಳಗಿನ ಕಾವು 40 ಡಿಗ್ರಿ ದಾಟಿ, ಅಂದರೆ ಜ್ವರದ ಲೆಕ್ಕದಲ್ಲಿ 104 ದಾಟಿ, ಜೊತೆಗೆ ಮಾತು ಅಥವಾ ನಡೆ ತಪ್ಪಿದರೆ ಅದು ಹೀಟ್ ಸ್ಟ್ರೋಕ್. ಜ್ವರದ ಮಾತ್ರೆ ಇದಕ್ಕೆ ಕೆಲಸ ಮಾಡುವುದಿಲ್ಲ, ಯಾಕೆಂದರೆ ಇದು ಜ್ವರವೇ ಅಲ್ಲ. ಹಣೆ ಅಥವಾ ಕಂಕುಳಲ್ಲಿ ಥರ್ಮಾಮೀಟರ್ ಇಟ್ಟು ನೋಡಿದರೆ ಕಡಿಮೆ ತೋರಿಸಿ ಮೋಸ ಮಾಡುತ್ತದೆ.

ಮೈ ಒಣಗಿದರೆ ಮಾತ್ರ ಹೀಟ್ ಸ್ಟ್ರೋಕ್ ಅಂತ ಎಷ್ಟೋ ಜನ ನಂಬಿದ್ದಾರೆ. ಮನೆಯಲ್ಲೇ ಕೂತ ವಯಸ್ಸಾದವರಿಗೆ ಹಾಗೆ ಆಗಬಹುದು. ಓಡುವ ಹುಡುಗನಿಗೆ ಬೆವರು ಸುರಿಯುತ್ತಿರುವಾಗಲೇ ಆಗುತ್ತದೆ. ನಾನು ಮುಟ್ಟಿ ನೋಡಿದ್ದೇನೆ.

ನನ್ನನ್ನು ಬಹಳ ಕಾಡುವುದು ಇನ್ನೊಂದು. ಕಾವು ಏರಿದಾಗ ಮೊದಲು ಕೆಡುವುದರಲ್ಲಿ ಬುದ್ಧಿಯೂ ಒಂದು. ಅಂದರೆ ಯಾವ ಹುಡುಗ ನಿಲ್ಲಬೇಕೋ, ನಾನು ನಿಲ್ಲಬೇಕು ಅಂತ ತಿಳಿಯುವ ಶಕ್ತಿಯೇ ಅವನಲ್ಲಿ ಆಗ ಇರುವುದಿಲ್ಲ. ಆಗದಿದ್ದರೆ ಹೇಳು ಅಂತ ನಾವು ಮಕ್ಕಳಿಗೆ ಹೇಳಿ ಕೈ ತೊಳೆದುಕೊಳ್ಳುತ್ತೇವೆ. ಹೇಳುವ ಸ್ಥಿತಿಯಲ್ಲಿ ಇರುವಾಗ ಹೇಳಿದರೆ ನಾಟಕ ಅನ್ನುತ್ತೇವೆ. ಹೇಳಲಾಗದ ಸ್ಥಿತಿಗೆ ಬಂದ ಮೇಲೆ ಅವನ ಬಾಯಲ್ಲಿ ಎಮ್ಮೆಯ ಮಾತು ಬರುತ್ತದೆ.

ಅದಕ್ಕೇ ಈ ಬಿಸಿಲು ಸೋಮಾರಿಗಳನ್ನು ಅಷ್ಟಾಗಿ ಹಿಡಿಯುವುದಿಲ್ಲ. ಹೇಳಿದ ಮಾತು ಕೇಳುವ ಮಕ್ಕಳನ್ನು ಹಿಡಿಯುತ್ತದೆ. ಅಮೆರಿಕದವರ ಫುಟ್‌ಬಾಲ್ ಬೇರೆ, ಹೆಲ್ಮೆಟ್ ಹಾಕಿ ಆಡುವುದು. ಅದರ ವೃತ್ತಿಪರ ಆಟಗಾರ ಕೋರಿ ಸ್ಟ್ರಿಂಗರ್ 2001ರಲ್ಲಿ ತೀರಿಕೊಂಡಾಗ ಅವನಿಗೆ 27 ವರ್ಷ. ಬೇಸಿಗೆ ಶಿಬಿರದ ಮೊದಲ ದಿನ ಅಭ್ಯಾಸ ಮುಗಿಸಲು ಅವನಿಂದ ಆಗಲಿಲ್ಲ. ಎರಡನೇ ದಿನ ಹಟ ಹಿಡಿದು ಮುಗಿಸಿದ. ಮುಗಿಸಿದ ಮೇಲೆ ಕುಸಿದ. ಆಸ್ಪತ್ರೆಯಲ್ಲಿ ಅಳೆದಾಗ ಮೈಯ ಕಾವು 108.8 ಫ್ಯಾರನ್‌ಹೀಟ್ ಇತ್ತು. ಆಗಸ್ಟ್ 1ರಂದು ಹೋಗಿಬಿಟ್ಟ. ಹಣಕ್ಕೆ, ಡಾಕ್ಟರಿಗೆ ಕೊರತೆಯಿಲ್ಲದ ತಂಡ ಅದು.

ನಮ್ಮಲ್ಲಿ ಧಾರವಾಡದ ಸಪ್ತಾಪುರದ ರೂಮುಗಳಲ್ಲಿ ಇದ್ದುಕೊಂಡು ಪೊಲೀಸ್ ಕೆಲಸಕ್ಕೆ ಓದುವ ಹುಡುಗರನ್ನು ನೋಡಿ. ದಿನವಿಡೀ ಪುಸ್ತಕ, ಆಮೇಲೆ 1600 ಮೀಟರ್ ಓಟದ ಪ್ರಾಕ್ಟೀಸು. ಮನೆಯವರ ಆಸೆ ಹೆಗಲ ಮೇಲೆ ಇರುತ್ತದೆ. 2024ರಲ್ಲಿ ಜಾರ್ಖಂಡ್‌ನ ಅಬಕಾರಿ ಕಾನ್‌ಸ್ಟೆಬಲ್ ನೇಮಕಾತಿಯ ಹತ್ತು ಕಿಲೋಮೀಟರ್ ಓಟದಲ್ಲಿ ಹತ್ತಕ್ಕೂ ಹೆಚ್ಚು ಯುವಕರು ಸತ್ತರು. ಕಾರಣಗಳ ಬಗ್ಗೆ ವಾದ ನಡೆಯಿತು. ಆದರೆ ಬೆಳಿಗ್ಗೆ 9 ಗಂಟೆಯ ಮೇಲೆ ಓಡಿಸಬೇಡಿ ಅಂತ ಅಲ್ಲಿನ ಮುಖ್ಯಮಂತ್ರಿ ಹೇಳಿದ್ದು ಅಷ್ಟು ಸಾವಾದ ಮೇಲೆ.

ನಮ್ಮೂರು ತಂಪು ಅನ್ನುವ ನಂಬಿಕೆ

ಧಾರವಾಡದವರಿಗೆ ಒಂದು ನಂಬಿಕೆ ಇದೆ, ನನಗೂ ಇತ್ತು. ನಮ್ಮದು ಮಲೆನಾಡಿನ ಸೆರಗು, ರಾತ್ರಿ ಗಾಳಿ ಬೀಸುತ್ತದೆ, ಬಿಸಿಲು ಅಂದರೆ ಕಲಬುರಗಿ, ರಾಯಚೂರು. ಆ ಕಡೆ ಏಪ್ರಿಲ್, ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳನ್ನೇ ಬೆಳಿಗ್ಗೆ ಎಂಟಕ್ಕೆ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುತ್ತಾರೆ. 2025ರಲ್ಲಿ ವಿಜಯಪುರ, ಬಾಗಲಕೋಟೆಗೂ ಅದೇ ವೇಳೆ ಇತ್ತು. ನಮಗೆ ಇರಲಿಲ್ಲ. ಬಯಲು ಸೀಮೆಯಲ್ಲಿ ಗರಿಷ್ಠ ತಾಪಮಾನ 40 ಡಿಗ್ರಿ ಮುಟ್ಟದಿದ್ದರೆ ಹವಾಮಾನ ಇಲಾಖೆ ಬಿಸಿಗಾಳಿ ಅಂತ ಘೋಷಿಸುವುದೇ ಇಲ್ಲ. 37, 38ರ ದಿನ ಪೇಪರಿನಲ್ಲಿ ಎಚ್ಚರಿಕೆ ಬರುವುದಿಲ್ಲ. ಶಿಬಿರ ನಡೆಯುತ್ತದೆ.

ಆ ಅಂಕಿ ಎಲ್ಲಿ ಅಳೆದದ್ದು ಅಂತ ನೋಡಿದರೆ ಇನ್ನೂ ಅರ್ಥವಾಗುತ್ತದೆ. ಗಾಳಿಯಾಡುವ ಬಿಳಿ ಪೆಟ್ಟಿಗೆಯೊಳಗೆ, ನೆರಳಿನಲ್ಲಿ, ನೆಲದಿಂದ ನಾಲ್ಕು ಅಡಿ ಎತ್ತರದಲ್ಲಿ ಅಳೆಯುತ್ತಾರೆ. ಅಲ್ಲಿ ಯಾವ ಮಗುವೂ ಓಡುವುದಿಲ್ಲ. ಪ್ಲಾಸ್ಟಿಕ್ ಹುಲ್ಲಿನ ಮೇಲ್ಮೈ ಬಿಸಿಲಿನಲ್ಲಿ 60 ಡಿಗ್ರಿ ದಾಟಬಲ್ಲದು. ಮಗುವಿನ ಮೈ ಆ ನೆಲಕ್ಕೆ ನಮಗಿಂತ ಹತ್ತಿರ ಇರುತ್ತದೆ.

ಕ್ರೀಡೆಗೆ ಬಳಸುವ ಬೇರೊಂದು ಅಳತೆ ಇದೆ. ಮೂರು ಥರ್ಮಾಮೀಟರ್ ಸೇರಿಸಿ ಲೆಕ್ಕ ಹಾಕುತ್ತಾರೆ. ಒದ್ದೆ ಬಟ್ಟೆ ಸುತ್ತಿದ್ದಕ್ಕೆ 70 ಪಾಲು, ಬಿಸಿಲಿನಲ್ಲಿಟ್ಟ ಕರಿ ಗುಂಡಿನೊಳಗಿನದಕ್ಕೆ 20, ನಾವು ದಿನಾ ಮಾತಾಡುವ ಸಾದಾ ತಾಪಮಾನಕ್ಕೆ ಬರೀ 10. ಈ ಲೆಕ್ಕ ತಿಳಿದಾಗ ನನಗೆ ಮೇ ತಿಂಗಳ ಅಡ್ಡಮಳೆ ನೆನಪಾಯಿತು. ಮಳೆ ಬಂದ ಮರುದಿನ ಹವೆ ತಂಪಾಗಿದೆ ಅಂತ ಕೋಚ್‌ಗಳು ಎರಡು ಸುತ್ತು ಜಾಸ್ತಿ ಓಡಿಸುತ್ತಾರೆ. ತಾಪಮಾನ ಮೂರು ಡಿಗ್ರಿ ಇಳಿದಿರುತ್ತದೆ, ನಿಜ. ಆದರೆ ನೆಲದಿಂದ ಕುದಿ ಏಳುತ್ತಿರುತ್ತದೆ, ಬೆವರು ಆರುವುದಿಲ್ಲ, ಬರೀ ಇಳಿಯುತ್ತದೆ. ಗದಗದ ಒಣ ಬಿಸಿಲಿಗಿಂತ ಹಾವೇರಿಯ ಆ ಒದ್ದೆ ಮಧ್ಯಾಹ್ನ ಓಡುವವನಿಗೆ ಕೆಟ್ಟದ್ದಾಗಿರಬಹುದು.

2019ರಲ್ಲಿ ದೋಹಾದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಬಿಸಿಲಿಗೆ ಹೆದರಿ ಮಹಿಳೆಯರ ಮ್ಯಾರಥಾನನ್ನು ನಡುರಾತ್ರಿ ಶುರು ಮಾಡಿದರು. ಆದರೂ 68 ಮಂದಿಯಲ್ಲಿ 28 ಮಂದಿ ಮುಗಿಸಲಿಲ್ಲ. ಅವರೆಲ್ಲ ಜಗತ್ತಿನ ಅತ್ಯುತ್ತಮ ಓಟಗಾರ್ತಿಯರು. ನಾವು ಹನ್ನೆರಡು ವರ್ಷದವರನ್ನು ಮೂರೂವರೆಗೆ ಬಿಡುತ್ತಿದ್ದೇವೆ, ಅದೂ ಮೊದಲ ದಿನವೇ ಪೂರ್ತಿ ಎರಡು ಗಂಟೆ. ಮೈ ಬಿಸಿಲಿಗೆ ಒಗ್ಗಲು 10ರಿಂದ 14 ದಿನ ಬೇಕು. ಅಷ್ಟರಲ್ಲಿ ರಕ್ತದ ನೀರಿನಂಶ ಹೆಚ್ಚುತ್ತದೆ, ಬೆವರು ಬೇಗ ಶುರುವಾಗುತ್ತದೆ, ಬೆವರಿನಲ್ಲಿ ಹೋಗುವ ಉಪ್ಪು ಕಡಿಮೆಯಾಗುತ್ತದೆ. ಮೊದಲ ವಾರ ಅರ್ಧ ಗಂಟೆಯಿಂದ ಶುರು ಮಾಡಿ ನಿಧಾನಕ್ಕೆ ಏರಿಸಿದರೆ ಮೈ ತಾನೇ ಕಲಿಯುತ್ತದೆ. ಎಷ್ಟೋ ಶಿಬಿರಗಳು ಇರುವುದೇ ಎರಡು ವಾರ. ಮಕ್ಕಳ ಮೈ ಒಗ್ಗುವ ಹೊತ್ತಿಗೆ ಸರ್ಟಿಫಿಕೇಟ್ ಕೊಟ್ಟು ಕಳಿಸಿಬಿಡುತ್ತಾರೆ.

ಖಾಲಿಯಾಗದ ಬಾಟಲಿ

ಎರಡನೇ ದಿನ ಅಣ್ಣನ ಮಗಳನ್ನು ಕರೆದುಕೊಂಡು ಬರುವಾಗ ಅವಳ ನೀರಿನ ಬಾಟಲಿ ಎತ್ತಿ ನೋಡಿದೆ. ತುಂಬಿಯೇ ಇತ್ತು. ಯಾಕೆ ಕುಡಿಯಲಿಲ್ಲ ಅಂದೆ. ಬಾಯಾರಿಕೆ ಆಗಲಿಲ್ಲ ಅಂದಳು. ಸ್ವಲ್ಪ ದೂರ ಬಂದ ಮೇಲೆ, ಅಲ್ಲಿ ಬಾತ್‌ರೂಮಿಗೆ ಬೀಗ ಹಾಕಿರ್ತಾರೆ ಕಾಕಾ, ಕೀಲಿ ಕೇಳಬೇಕಾಗುತ್ತದೆ ಅಂದಳು. ಕೀಲಿ ಇರುವುದು ಕೌಂಟರಿನಲ್ಲಿ ಕೂತ ಗಂಡಸರ ಹತ್ತಿರ. ಅಲ್ಲಿದ್ದ ಹುಡುಗಿಯರು ಐದು ಮಂದಿ. ಐವರೂ ನೀರು ಕುಡಿಯುತ್ತಿರಲಿಲ್ಲ. ಮಾತಾಡಿಕೊಂಡು ತೀರ್ಮಾನ ಮಾಡಿದ್ದರು.

ಅವಳ ಪಕ್ಕದಲ್ಲಿ ನಡೆಯುತ್ತಿದ್ದ ನಾನು ಒಂದು ಮಾತೂ ಆಡಲಿಲ್ಲ. ಓಆರ್‌ಎಸ್, ಮಜ್ಜಿಗೆ, ಉಪ್ಪು ಹಾಕಿದ ಲಿಂಬು ಪಾನಕ ಅಂತ ಎಷ್ಟೆಲ್ಲ ಹೇಳುವುದಿತ್ತು. ಒಂದು ಓಆರ್‌ಎಸ್ ಪಾಕೀಟು ಪೂರ್ತಿ ಒಂದು ಲೀಟರ್ ನೀರಿಗೆ ಹಾಕಬೇಕು ಅಂತ ಹೇಳುವುದಿತ್ತು. ಬೀಗ ಹಾಕಿದ ಬಾಗಿಲ ಮುಂದೆ ಅದೆಲ್ಲ ಏನು ಮಾಡೀತು? ನಮ್ಮ ಹಳ್ಳಿಗಳಲ್ಲಿ ಖೋ ಖೋ ಆಡುವ, ಕಬಡ್ಡಿ ಆಡುವ ಹುಡುಗಿಯರಲ್ಲಿ ಎಷ್ಟು ಮಂದಿ ಬೆಳಿಗ್ಗೆಯಿಂದಲೇ ನೀರು ಬಿಟ್ಟು ಅಂಕಣಕ್ಕೆ ಇಳಿಯುತ್ತಾರೋ. ಯಾವ ಕೋಚ್‌ಗೂ ಅವರು ಅದನ್ನು ಹೇಳುವುದಿಲ್ಲ. ಹೇಳುವ ಹಾಗೆ ನಾವು ಇಟ್ಟಿಲ್ಲ.

ಕೊಳ್ಳ ಹರಿಯುವ ಹೊತ್ತು

ನಮ್ಮ ಹಿರಿಯರಿಗೆ ಬಿಸಿಲಿನ ಬಗ್ಗೆ ಏನೂ ಗೊತ್ತಿರಲಿಲ್ಲ ಅಂತಲ್ಲ. ಗರಡಿಮನೆಯ ಪೈಲ್ವಾನರು ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಸಾಮು ಮಾಡುತ್ತಿದ್ದರು. ಬಿಸಿಲೇರುವ ಮೊದಲು ಮುಗಿಸುತ್ತಿದ್ದರು. ಬೇಸಿಗೆಯಲ್ಲಿ ಹರಗಲು ಹೋದವರು ನಸುಕಿನಲ್ಲೇ ಎತ್ತು ಹೂಡಿ, ಹನ್ನೊಂದರೊಳಗೆ ಕೊಳ್ಳ ಹರಿದು, ಅಂದರೆ ನೊಗ ಬಿಚ್ಚಿ, ಬೇವಿನ ನೆರಳಿಗೆ ಕಟ್ಟುತ್ತಿದ್ದರು. ಮತ್ತೆ ಹೂಡುವುದು ಹೊತ್ತು ಇಳಿದ ಮೇಲೆ. ಎತ್ತು ಬಾಯಲ್ಲಿ ನೊರೆ ಬಿಟ್ಟರೆ, ನಾಲಿಗೆ ಹೊರಗೆ ಹಾಕಿದರೆ, ಅದು ನಾಟಕ ಮಾಡುತ್ತಿದೆ ಅಂತ ಯಾರೂ ಅನ್ನಲಿಲ್ಲ. ಅಣ್ಣಿಗೇರಿಯ ಅಪ್ಪ ದವಾಖಾನೆಗೆ ಬಂದಾಗ ಮಗನ ತಲೆ ಸವರುತ್ತಾ ಕೇಳಿದ್ದು ಇದನ್ನೇ. "ಯಾವ ಹೊತ್ತಿನ್ಯಾಗ ಓಡಸ್ತಿದ್ರಿ?" ನಾಲ್ಕಕ್ಕೆ ಅಂತ ನಾನು ಹೇಳಿದೆ. ಅವರು ಸಿಟ್ಟಾಗಲಿಲ್ಲ, ಬಯ್ಯಲಿಲ್ಲ. ನೆಲ ನೋಡುತ್ತಾ ಕೂತರು. ಸಿಟಿಯವರಿಗೆ ಗೊತ್ತಿರುತ್ತದೆ ಅಂತ ನಂಬಿ ಮಗನನ್ನು ಕಳಿಸಿದ್ದವರು ಅವರು.

ದಪ್ಪಗಿರುವ ಮಕ್ಕಳನ್ನು ಓಡಿಸಿ ಕರಗಿಸ್ತೀನಿ ಅನ್ನುವ ಮಾತನ್ನು ಈಗಲೂ ಮೈದಾನಗಳಲ್ಲಿ ಕೇಳುತ್ತೇನೆ. ತಪ್ಪು ಮಾಡಿದವರಿಗೆ ಬಿಸಿಲಲ್ಲಿ ಎರಡು ಸುತ್ತು ಶಿಕ್ಷೆ. ಕಾವು ಬೇಗ ಏರುವುದು ಆ ದಪ್ಪ ಮಗುವಿಗೇ, ರೂಢಿ ಇಲ್ಲದ ಮಗುವಿಗೇ, ನಿನ್ನೆ ಜ್ವರ ಬಂದು ಇವತ್ತು ಬಂದ ಮಗುವಿಗೇ. ಪ್ಯಾಡು, ಹೆಲ್ಮೆಟ್ ಕಟ್ಟಿಕೊಂಡು ಬಿಸಿಲಲ್ಲಿ ಕೂತೆದ್ದು ಮಾಡುವ ವಿಕೆಟ್ ಕೀಪರ್‌ಗೆ. ಇದು ಗೊತ್ತಿದ್ದರೆ ಯಾರೂ ಹಾಗೆ ಮಾಡಲಾರರು ಅಂತ ನಾನು ನಂಬುತ್ತೇನೆ. ಹೇಳಬೇಕು, ಅಷ್ಟೇ. ಹೇಳಿದ್ದನ್ನೇ ಹೇಳಬೇಕು.

ಕೋಚ್ ಹುಡುಗನಿಗೆ ಹೇಳಿದೆ. ಅಮೆರಿಕದ ಫಾಲ್ಮತ್ ಅನ್ನುವ ಊರಿನ ಓಟದ ಸ್ಪರ್ಧೆಯ ಕಥೆಯನ್ನೂ ಹೇಳಿದೆ. ಅಲ್ಲಿ ಓಟ ಮುಗಿಯುವ ಜಾಗದಲ್ಲೇ ಐಸ್ ನೀರಿನ ತೊಟ್ಟಿಗಳನ್ನು ಇಡುತ್ತಾರೆ. 18 ವರ್ಷಗಳ ಲೆಕ್ಕ ತೆಗೆದರೆ 274 ಮಂದಿಗೆ ಹೀಟ್ ಸ್ಟ್ರೋಕ್ ಆಗಿತ್ತು. ಒಬ್ಬರೂ ಸಾಯಲಿಲ್ಲ. ಬಿದ್ದ ಅರ್ಧ ಗಂಟೆಯೊಳಗೆ ಕಾವು ಇಳಿಸಿದರೆ ಉಳಿಯುತ್ತಾರೆ. 108ಕ್ಕೆ ಫೋನ್ ಮಾಡಬೇಕು, ಆದರೆ ಅದು ಬರುವವರೆಗೆ ಕೈಕಟ್ಟಿ ನಿಲ್ಲಬಾರದು. ಮೊದಲು ನೀರು. ಎಚ್ಚರ ತಪ್ಪಿದವನ ಬಾಯಿಗಲ್ಲ, ಮೈಗೆ. ಅವನು ಫೋನಿನಲ್ಲಿ ಬರೆದುಕೊಂಡ. ಟರ್ಫಿನ ಮಾಲೀಕರ ಜೊತೆ ಮಾತಾಡಿ ಬೆಳಗಿನ ಒಂದು ತಾಸು ಕೇಳಿದ. ಸಿಗಲಿಲ್ಲ. ಕೊನೆಗೆ ಬ್ಯಾಚನ್ನು ಐದರಿಂದ ಆರೂವರೆಗೆ ಸರಿಸಿದ, ಸಂಜೆಯ ಅರ್ಧ ತಾಸಿನ ಹೆಚ್ಚಿನ ಬಾಡಿಗೆಯನ್ನು ನಾವು ಪಾಲಕರು ಹಂಚಿಕೊಂಡೆವು. ಇಬ್ಬರು ಒಪ್ಪದೆ ಮಕ್ಕಳನ್ನು ಬಿಡಿಸಿಕೊಂಡು ಹೋದರು. ಬಾತ್‌ರೂಮಿನ ಬೀಗ ಮಾತ್ರ ಒಂದೇ ಮಾತಿಗೆ ತೆಗೆದರು. ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲವಂತೆ.

ಆ ರಾತ್ರಿ ಅಣ್ಣಿಗೇರಿಗೆ ಫೋನ್ ಮಾಡಿದೆ. ಈಗ ಊರಲ್ಲೇ ಇದ್ದಾನೆ, ಹೊಲ ನೋಡಿಕೊಳ್ಳುತ್ತಾನೆ. ಬಿದ್ದ ದಿನದ ಬಗ್ಗೆ ಅವನಿಗೆ ಒಂದೇ ನೆನಪು ಉಳಿದಿದೆ, ಕುತ್ತಿಗೆಯ ಮೇಲೆ ಬಿದ್ದ ನೀರು. ಓಡಿದ್ದು, ಬಿದ್ದದ್ದು, ಎಮ್ಮೆ, ಏನೂ ನೆನಪಿಲ್ಲ. ನಾನು ಟರ್ಫಿನ ಸಮಾಚಾರ ಎಲ್ಲ ಹೇಳಿದೆ. ಕೇಳಿಸಿಕೊಂಡು, "ಅಲ್ಲಿ ಪೈಪ್ ಐತೇನ?" ಅಂದ.

ಇರಲಿಲ್ಲ. ಮರುದಿನ ದುರ್ಗದ ಬೈಲಿನ ಅಂಗಡಿಯಲ್ಲಿ 20 ಮೀಟರ್ ಪೈಪು ಕೊಂಡು ಹೋಗಿ ಟರ್ಫಿನ ಮೂಲೆಯ ನಲ್ಲಿಗೆ ಹಾಕಿ ಎಳೆದೆ. ಅಣ್ಣನ ಮಗಳು ತುದಿ ಹಿಡಿದು ಓಡಿದಳು. ನಡುಗೆರೆ ದಾಟಿತು. ಆಚೆಯ ಗೋಲ್ ಪೋಸ್ಟಿಗೆ ಹತ್ತು ಹೆಜ್ಜೆ ಕಡಿಮೆ ಬಿತ್ತು. ಇನ್ನೊಂದು ತುಂಡು ತರಬೇಕು.